ಹಳೆಯದರ ಹಾಗೆ ಕಾಣುವ ಹೊಸ ಜೀನ್ಸ್

ಅಂಗಡಿಯಲ್ಲಿ ಹೊಸ ಜೀನ್ಸ್ ಪ್ಯಾಂಟ್ ಒಂದನ್ನು ಎತ್ತಿಕೊಂಡು ಸ್ವಲ್ಪ ಹತ್ತಿರದಿಂದ ನೋಡಿ. ತೊಡೆಯ ಮೇಲೆ ಬಣ್ಣ ಮಾಸಿದೆ. ಕೂತಾಗ ಸುಕ್ಕು ಬೀಳುವ ಜಾಗದಲ್ಲಿ ಬಿಳಿ ಗೆರೆಗಳು ಎದ್ದಿವೆ. ಮೊಣಕಾಲಿನ ಹಿಂದೆ ಮಡಿಕೆಯ ಗುರುತು, ಜೇಬಿನ ಅಂಚಿನಲ್ಲಿ ಸವೆತ, ಕೆಲವದರಲ್ಲಿ ಹರಕು ಕೂಡ. ಆದರೆ ಇದನ್ನು ಯಾರೂ ಇನ್ನೂ ಒಂದು ದಿನವೂ ತೊಟ್ಟಿಲ್ಲ. ವರ್ಷಗಟ್ಟಲೆ ತೊಟ್ಟರೆ ತಾನಾಗಿ ಬರಬೇಕಾದ ಗುರುತುಗಳನ್ನೆಲ್ಲ ಯಾರೋ ನಿಂತು, ಉಜ್ಜಿ, ತೊಳೆದು ಒಂದೇ ದಿನದಲ್ಲಿ ತಂದಿದ್ದಾರೆ. ಹೇಗೆ ತಂದರು, ಎಲ್ಲಿ ತಂದರು, ಅದಕ್ಕೆ ಏನೇನು ಖರ್ಚಾಯಿತು ಅನ್ನೋದು ಲೇಬಲ್ ಮೇಲೆ ಎಲ್ಲೂ ಬರೆದಿರುವುದಿಲ್ಲ.

ನಾನು ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಮಾದರಿ ಬಟ್ಟೆ ತಯಾರಿಸುವ ಸ್ಯಾಂಪ್ಲಿಂಗ್ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವಳು. ಬೈಯರ್, ಅಂದರೆ ಆರ್ಡರ್ ಕೊಡುವವರ ಕಡೆಯಿಂದ ಟೆಕ್ ಪ್ಯಾಕ್ ಬರುತ್ತದೆ. ಅದರಲ್ಲಿ ಅಳತೆ, ಹೊಲಿಗೆ, ಗುಂಡಿ, ಝಿಪ್ ಎಲ್ಲದರ ವಿವರ ಇರುತ್ತದೆ. ಒಂದು ಪುಟ ವಾಶ್‌ಗೆ, ಅಂದರೆ ಹೊಲಿದ ಪ್ಯಾಂಟನ್ನು ತೊಳೆದು ಮಾಸಿಸುವ ಕೆಲಸಕ್ಕೆ. ಅಲ್ಲಿ ಒಂದು ಫೋಟೊ, ಪಕ್ಕದಲ್ಲಿ ಎರಡು ಸಾಲು. ಮಿಡ್ ಬ್ಲೂ, ವಿಂಟೇಜ್ ಲುಕ್, ವಿಸ್ಕರ್ (ಸುಕ್ಕಿನ ಜಾಗದ ಆ ಬಿಳಿ ಗೆರೆಗಳು) ಇನ್ನೂ ಸ್ವಲ್ಪ ಶಾರ್ಪ್ ಇರಲಿ. ಆ ಎರಡು ಸಾಲು ಬರೆಯೋಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಆದರೆ ಆ ಪ್ಯಾಂಟಿಗೆ ಎಷ್ಟು ಸಲ ನೀರು ತುಂಬಿ ಚೆಲ್ಲಬೇಕು, ಯಾವ ಕೆಮಿಕಲ್ ಸುರಿಯಬೇಕು, ಯಾರ ಮೂಗಿಗೆ ಏನು ಹೋಗಬೇಕು ಅನ್ನೋದೆಲ್ಲ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಬಟ್ಟೆ ಉದ್ಯಮ, ಪರಿಸರ ಅಂತ ಮಾತು ಬಂದಾಗಲೆಲ್ಲ ನಾವು ಫ್ಯಾಕ್ಟರಿ ಹಿಂದಿನ ಪೈಪಿನ ಕಡೆ ಬೆರಳು ತೋರಿಸುತ್ತೇವೆ. ಆ ಪೈಪಿನ ಇನ್ನೊಂದು ತುದಿ ಡಿಸೈನರ್ ಮೇಜಿನ ಹತ್ತಿರ ಇದೆ ಅನ್ನೋದನ್ನು ಹೇಳೋಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಜೀನ್ಸ್ ಯಾಕೆ ಮಾಸುತ್ತದೆ ಅನ್ನೋದರಿಂದ ಶುರು ಮಾಡೋಣ. ಮನೆಯಲ್ಲಿ ಹಳೆ ಜೀನ್ಸ್ ಇದ್ದರೆ ಅದರ ಕಾಲಿನ ತುದಿಯಿಂದ ಒಂದು ನೀಲಿ ಎಳೆ ಕಿತ್ತುಕೊಳ್ಳಿ. ಬೆರಳಲ್ಲಿ ಹಿಡಿದು ಅದರ ಹುರಿ ಬಿಚ್ಚಿ. ಒಳಗೆ ಬಿಳಿಯಾಗಿದೆ, ಅಲ್ವಾ? ಬಣ್ಣ ಹೊರಗಿನ ಸುತ್ತಿಗೆ ಮಾತ್ರ ಹತ್ತಿದೆ. ಡೆನಿಮ್ ಬಟ್ಟೆಯಲ್ಲಿ ಹಾಸಿನ ನೂಲಿಗೆ ನೀಲಿ ಹಾಕುತ್ತಾರೆ, ಹೊಕ್ಕಿನ ನೂಲು ಬಿಳಿಯಾಗೇ ಉಳಿಯುತ್ತದೆ. ಪ್ಯಾಂಟಿನ ಒಳಮೈ ತೆಳು ಬಣ್ಣದ್ದಾಗಿರೋದು ಅದಕ್ಕೇ. ಈ ನೀಲಿಯ ಹೆಸರು ಇಂಡಿಗೊ, ಅದು ನೀರಿನಲ್ಲಿ ಕರಗುವ ಬಣ್ಣ ಅಲ್ಲ. ಹೈಡ್ರೋಸಲ್ಫೈಟ್ ಅನ್ನೋ ಕೆಮಿಕಲ್ ಹಾಕಿ ಅದನ್ನು ಕರಗುವ ಹಾಗೆ ಮಾಡಬೇಕು. ನೂಲನ್ನು ಹಗ್ಗದಂತೆ ಒಟ್ಟು ಸೇರಿಸಿ ತೊಟ್ಟಿಯಲ್ಲಿ ಅದ್ದುತ್ತಾರೆ. ಹೊರಗೆ ಬಂದಾಗ ಅದು ಹಳದಿ ಬೆರೆತ ಹಸಿರು. ಗಾಳಿ ತಾಗುತ್ತಾ ಹೋದ ಹಾಗೆ ನಮ್ಮ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಮತ್ತೆ ಅದ್ದುತ್ತಾರೆ, ಮತ್ತೆ ಗಾಳಿಗೆ ಒಡ್ಡುತ್ತಾರೆ. ಹೀಗೆ ಪದರ ಪದರವಾಗಿ ಬಣ್ಣ ಏರುತ್ತದೆ, ಆದರೆ ನೂಲಿನ ಹೊಟ್ಟೆಯವರೆಗೆ ಇಳಿಯುವುದಿಲ್ಲ. ಉಜ್ಜಿದ ಕಡೆ ಮೇಲಿನ ನೀಲಿ ಹೋಗುತ್ತದೆ, ಒಳಗಿನ ಬಿಳಿ ಕಾಣುತ್ತದೆ. ಈ ಬಟ್ಟೆಯ ಅಂದವೇ ಇದು. ತೊಟ್ಟವರ ನಡಿಗೆ, ಕೂರುವ ರೀತಿ, ಜೇಬಿನಲ್ಲಿಟ್ಟ ಪರ್ಸು, ಎಲ್ಲದರ ಗುರುತು ಅದರ ಮೇಲೆ ನಿಧಾನಕ್ಕೆ ಮೂಡುತ್ತದೆ. ಬೇರೆ ಯಾವ ಬಟ್ಟೆಯೂ ನನಗೆ ಇಷ್ಟು ಇಷ್ಟವಾಗಿಲ್ಲ.

ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಪ್ಯಾಂಟಿನ ಜೇಬಿಗೆ ತಾಮ್ರದ ರಿವೆಟ್ ಹೊಡೆಯೋದಕ್ಕೆ ಪೇಟೆಂಟ್ ಪಡೆದದ್ದು 1873ರಲ್ಲಿ. ಡೇವಿಸ್ ನೆವಾಡಾದ ರೀನೊ ಊರಿನ ಒಬ್ಬ ದರ್ಜಿ. ಕೂಲಿಯವರ ಪ್ಯಾಂಟ್ ಬೇಗ ಹರಿಯಬಾರದು ಅನ್ನೋದೇ ಅವರ ತಲೆಯಲ್ಲಿದ್ದದ್ದು. ಆ ಪ್ಯಾಂಟನ್ನು ಗಟ್ಟಿಯಾಗಿ, ಕಡುನೀಲಿಯಾಗಿ ಕೊಂಡುಕೊಳ್ಳುತ್ತಿದ್ದರು. ಮಾಸುವ ಕೆಲಸ ಕೊಂಡವನದ್ದು. ಹೆಚ್ಚುಕಡಿಮೆ ನೂರು ವರ್ಷ ಹೀಗೇ ನಡೆಯಿತು. ಆಮೇಲೆ ಪ್ಯಾಂಟನ್ನು ಮೊದಲೇ ಮಾಸಿಸಿ ಮಾರುವ ಪದ್ಧತಿ ಬಂತು. ಕಲ್ಲು ಹಾಕಿ ತೊಳೆಯುವ ಸ್ಟೋನ್ ವಾಶನ್ನು ಕೈಗಾರಿಕೆಯ ಮಟ್ಟಕ್ಕೆ ತಂದ ಹೆಸರು ಫ್ರಾನ್ಸಿನ ಡಿಸೈನರ್ ಜೋಡಿ ಮರಿತೆ ಮತ್ತು ಫ್ರಾಂಸ್ವಾ ಜಿರ್ಬೋ ಅವರದ್ದು. ಅದೇ ಫ್ರಾಂಸ್ವಾ ಜಿರ್ಬೋ ಮುಂದೆ ಇದರ ಪರಿಣಾಮ ನೋಡಿ ಲೇಸರ್ ಕಡೆ ತಿರುಗಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಾಸಿದ ಜೀನ್ಸ್ ತಾನಾಗಿ ಆಕಾಶದಿಂದ ಬಿದ್ದ ಫ್ಯಾಷನ್ ಅಲ್ಲ. ಯಾರೋ ಯೋಚಿಸಿ ಮಾಡಿದ್ದು. ಮಾಡಿದ್ದನ್ನು ಬದಲಾಯಿಸೋಕೂ ಬರುತ್ತದೆ.

ಈಗ ಬಳ್ಳಾರಿಗೆ ಬನ್ನಿ.

ಬಳ್ಳಾರಿ ಜೀನ್ಸ್ ಊರು ಅನ್ನೋದು ಗಣಿಯ ಸದ್ದಿನ ನಡುವೆ ಹೊರಗಿನವರಿಗೆ ಅಷ್ಟಾಗಿ ಕೇಳಿಸುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಅಲ್ಲಿ ದೊಡ್ಡ ದಂಡು ಇತ್ತು. ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಮನೆತನಗಳೇ ಮುಂದೆ ಜೀನ್ಸ್‌ಗೆ ಕೈ ಹಾಕಿದವು ಅಂತ ಊರವರು ಹೇಳುತ್ತಾರೆ. ಕೌಲ್ ಬಜಾರ್ ಕಡೆ ಹೋದರೆ ಸಣ್ಣ ಸಣ್ಣ ಮನೆಗಳ ಪಡಸಾಲೆಯಲ್ಲೂ ಪ್ಯಾಂಟಿನ ರಾಶಿ ಕಾಣುತ್ತದೆ. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಮನೆಯಲ್ಲಿ ಗುಂಡಿ. ಹೆಂಗಸರು ಮನೆ ಬಾಗಿಲಲ್ಲಿ ಕೂತು ಪ್ಯಾಂಟಿನಿಂದ ಹೊರಗೆ ಚಾಚಿದ ದಾರ ಕತ್ತರಿಸುತ್ತಿರುತ್ತಾರೆ. ಪೀಸಿಗೆ ಇಷ್ಟು ಅಂತ ಲೆಕ್ಕ. ಕೈಬೆರಳು ಸದಾ ನೀಲಿ. ಒಂದು ಪ್ಯಾಂಟು ತಯಾರಾಗುವ ಹೊತ್ತಿಗೆ ಊರಿನ ಹತ್ತಾರು ಕೈ ಮುಟ್ಟಿರುತ್ತದೆ. ಇಷ್ಟು ಕುಟುಂಬಗಳು ಬದುಕುತ್ತಿರುವ ಕೆಲಸದ ಬಗ್ಗೆ ಬೆಂಗಳೂರಿನಲ್ಲಿ ಕೂತು ಸುಮ್ನೆ ಮಾಲಿನ್ಯ ಮಾಲಿನ್ಯ ಅಂದುಬಿಡೋದು ನನಗೆ ಸರಿ ಅನ್ನಿಸುವುದಿಲ್ಲ.

ಹೊಲಿದ ಪ್ಯಾಂಟ್ ಕೊನೆಗೆ ವಾಶಿಂಗ್ ಯೂನಿಟ್‌ಗೆ ಹೋಗುತ್ತದೆ. ಬಟ್ಟೆಗೆ ನೇಯುವಾಗ ಗಂಜಿ ಹಾಕಿರುತ್ತಾರಲ್ಲ, ಮೊದಲು ಅದನ್ನು ಎನ್‌ಜೈಮ್ ಹಾಕಿ ಬಿಡಿಸಬೇಕು. ಇಲ್ಲದಿದ್ದರೆ ಪ್ಯಾಂಟು ರಟ್ಟಿನ ಹಾಗೆ ನಿಲ್ಲುತ್ತದೆ. ಆ ನೀರು ಚೆಲ್ಲಿ ಹೊಸ ನೀರು. ಆಮೇಲೆ ದೊಡ್ಡ ಡ್ರಮ್ಮಿನಲ್ಲಿ ತೂತು ತೂತಾದ ಹಗುರ ಪ್ಯೂಮಿಸ್ ಕಲ್ಲು, ಇಲ್ಲವೇ ಹತ್ತಿಯ ಮೇಲ್ಮೈಯನ್ನೇ ಸ್ವಲ್ಪ ತಿನ್ನುವ ಇನ್ನೊಂದು ಎನ್‌ಜೈಮ್, ಇಲ್ಲವೇ ಎರಡೂ. ಮತ್ತೆ ನೀರು. ಬಣ್ಣ ಇನ್ನೂ ಇಳಿಯಬೇಕೆಂದರೆ ಬ್ಲೀಚು. ಬ್ಲೀಚಿನ ಕೆಲಸ ನಿಲ್ಲಿಸೋಕೆ ಮತ್ತೊಂದು ಕೆಮಿಕಲ್. ಅದನ್ನು ತೊಳೆಯೋಕೆ ಇನ್ನೊಮ್ಮೆ ನೀರು. ಕೊನೆಗೆ ಸಾಫ್ಟ್‌ನರ್, ಹಿಂಡೋದು, ಬಿಸಿಗಾಳಿಯಲ್ಲಿ ಒಣಗಿಸೋದು. ಪ್ರತಿ ಹಂತದಲ್ಲೂ ಡ್ರಮ್ಮಿನ ಬಾಯಿಂದ ಹೊರಬರುವ ನೀರಿನ ಬಣ್ಣ ಬೇರೆ. ಮೊದಲಿನದ್ದು ಗಂಜಿಯ ವಾಸನೆಯ ಕಡುನೀಲಿ, ನಂತರದ್ದು ಕಲ್ಲಿನ ಪುಡಿ ಬೆರೆತ ಕೆಸರು, ಆಮೇಲಿನದ್ದು ಕ್ಲೋರಿನ್ ಘಾಟು.

ತೊಡೆಯ ಮೇಲಿನ ಆ ಮಾಸಲು ಬಿಳುಪು ತರುವ ಕೆಲಸ ಡ್ರಮ್ಮಿನಿಂದ ಆಗುವುದಿಲ್ಲ. ಅದು ಕೈಕೆಲಸ. ರಬ್ಬರಿನ ಕಾಲಿನ ಆಕಾರಕ್ಕೆ ಪ್ಯಾಂಟ್ ತೊಡಿಸಿ, ಗಾಳಿ ತುಂಬಿ, ಎಮರಿ ಪೇಪರ್ ಹಿಡಿದು ಒಬ್ಬ ಹುಡುಗ ಉಜ್ಜುತ್ತಾನೆ. ನೀಲಿ ಧೂಳು ಹುಬ್ಬಿನ ಮೇಲೆ, ಕಿವಿಯೊಳಗೆ. ಆಮೇಲೆ ಪಿಪಿ ಸ್ಪ್ರೇ. ಪೊಟ್ಯಾಸಿಯಂ ಪರ್‌ಮ್ಯಾಂಗನೇಟ್ ಅನ್ನೋದನ್ನು ಎಲ್ಲರೂ ಅಲ್ಲಿ ಪಿಪಿ ಅಂತಲೇ ಕರೆಯುತ್ತಾರೆ. ಸ್ಪ್ರೇ ಬಿದ್ದ ಜಾಗ ಮೊದಲು ನೇರಳೆ. ಒಣಗುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಕೆಮಿಕಲ್ ನೀರಿನಲ್ಲಿ ಅದ್ದಿದಾಗ ಕಂದು ಹೋಗಿ, ಒಳಗಿನ ಬಿಳುಪು ಹೊಳೆಯುತ್ತದೆ. ನೋಡೋಕೆ ಜಾದೂ ಥರ ಇರುತ್ತದೆ. ಆದರೆ ಆ ಸ್ಪ್ರೇ ಉಸಿರಾಟಕ್ಕೆ ಒಳ್ಳೆಯದಲ್ಲ. ಸರಿಯಾದ ಮಾಸ್ಕ್, ಹೊಗೆ ಎಳೆಯುವ ಫ್ಯಾನು, ನೀರಿನ ಪರದೆ ಇರುವ ಬೂತ್ ಇದ್ದರೆ ಒಂದು ಮಾತು. ಬಹಳ ಕಡೆ ಮುಖಕ್ಕೆ ಸುತ್ತಿದ ಟವೆಲ್ಲೇ ಮಾಸ್ಕ್. ಇದಕ್ಕೂ ಮೊದಲು ಮರಳು ಸಿಡಿಸಿ ಬಣ್ಣ ಕೀಳುವ ಸ್ಯಾಂಡ್‌ಬ್ಲಾಸ್ಟಿಂಗ್ ಇತ್ತು. ಟರ್ಕಿಯಲ್ಲಿ ಆ ಧೂಳು ಕುಡಿದ ಹುಡುಗರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂತು, ಹಲವರು ಸತ್ತರು. 2009ರಲ್ಲಿ ಆ ದೇಶ ಅದನ್ನು ನಿಷೇಧಿಸಿತು. ಒಂದು ಪ್ಯಾಂಟು ಹಳೆಯದರ ಹಾಗೆ ಕಾಣಲಿ ಅನ್ನೋ ಒಂದೇ ಕಾರಣಕ್ಕೆ ಪ್ರಾಯದ ಹುಡುಗರ ಶ್ವಾಸಕೋಶ ಹೋಯಿತು. ಇದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಬಳ್ಳಾರಿ ಬರದ ಸೀಮೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಟ. ಬಳ್ಳಾರಿಯದೇ ಮುಂಡ್ರಿಗಿ ಕಡೆ ಇರುವ ವಾಶಿಂಗ್ ಯೂನಿಟ್‌ಗಳ ಬಣ್ಣದ ನೀರಿನ ಬಗ್ಗೆ ದೂರುಗಳು ಇವತ್ತಿನವಲ್ಲ. 2024ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಲ್ಲಿನ ಹಲವು ಯೂನಿಟ್‌ಗಳನ್ನು ಮುಚ್ಚಿ ಅಂತ ಆದೇಶ ಕೊಟ್ಟಿತು. ಆದೇಶ ತಪ್ಪು ಅಂತ ನಾನು ಹೇಳುವುದಿಲ್ಲ. ನೀರು ಹಾಳಾದರೆ ಹಾಳಾಗೋದು ಪಕ್ಕದ ಹೊಲದವನ ಬೋರ್‌ವೆಲ್. ಆದರೆ ಅಲ್ಲಿ ಒಬ್ಬ ಯೂನಿಟ್ ಮಾಲೀಕರು ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ನೋಡ್ರಿ ಮೇಡಂ, ಅಂಗಡಿಯವರು ಲೈಟ್ ಶೇಡ್ ಬೇಕು ಅಂತಾರ, ಮಾಡಿ ಕೊಡ್ತೀವಿ. ಡಾರ್ಕ್ ಅಂದ್ರ ಡಾರ್ಕ್. ನೀರು ಹೊಲಸಾದ್ರ ಮಾತ್ರ ನಮ್ ಹೆಸರು ಬರತೈತಿ." ಅವರು ತಪ್ಪಿಸಿಕೊಳ್ಳೋಕೆ ಹೇಳಿದ್ದು ಅನ್ನಿಸಲಿಲ್ಲ. ಲೈಟ್ ಶೇಡ್‌ಗೆ ಕಡುನೀಲಿಗಿಂತ ಜಾಸ್ತಿ ಹಂತ, ಜಾಸ್ತಿ ನೀರು, ಜಾಸ್ತಿ ಬ್ಲೀಚು. ಅದನ್ನು ಬೇಕು ಅಂದವರ ಹೆಸರು ಯಾವ ನೋಟಿಸಿನಲ್ಲೂ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದ ಆಕ್ಷೇಪವೇ. ಲೀವೈಸ್ ಕಂಪನಿ 2015ರಲ್ಲಿ ತನ್ನ 501 ಅನ್ನೋ ಮಾದರಿಯ ಒಂದು ಪ್ಯಾಂಟಿನ ಪೂರ್ತಿ ಆಯುಷ್ಯದ ಲೆಕ್ಕ ಪ್ರಕಟಿಸಿತು. ಹತ್ತಿ ಬೆಳೆಯೋದರಿಂದ ಹಿಡಿದು ಪ್ಯಾಂಟನ್ನು ಬಿಸಾಕುವವರೆಗೆ 3,781 ಲೀಟರ್ ನೀರು. ಅದರಲ್ಲಿ 68% ಹತ್ತಿ ಹೊಲದ್ದು. 23% ಮನೆಯಲ್ಲಿ ಒಗೆಯೋಕೆ. ನೂಲು, ಬಟ್ಟೆ, ಹೊಲಿಗೆ, ವಾಶಿಂಗ್ ಎಲ್ಲ ಸೇರಿ ಉಳಿದ ಚೂರು. ಹಾಗಾದರೆ ವಾಶಿಂಗ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ?

ಯಾಕೆಂದರೆ ಲೀಟರುಗಳೆಲ್ಲ ಒಂದೇ ಅಲ್ಲ. ನಮ್ಮ ದೇಶದ ಹತ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಮಳೆ ನಂಬಿ ಬೆಳೆಯುವಂಥದ್ದು. ಹೊಲದ ಮೇಲೆ ಬಿದ್ದ ಮಳೆ ನೀರನ್ನು ಹತ್ತಿ ಗಿಡ ಹೀರಿಕೊಂಡರೆ ಅದು ಒಂದು ಲೆಕ್ಕ. ಕಾಲುವೆಯಿಂದ ಹರಿಸಿದ್ದು ಇನ್ನೊಂದು ಲೆಕ್ಕ. ಬೋರ್‌ವೆಲ್ಲಿಂದ ಎತ್ತಿ, ಬ್ಲೀಚು ಬೆರೆಸಿ, ನೀಲಿ ಮಾಡಿ ಹಳ್ಳಕ್ಕೆ ಬಿಟ್ಟ ಕೆಲವೇ ಲೀಟರ್ ಬೇರೆಯೇ ಲೆಕ್ಕ. ಅದು ತನ್ನ ಜೊತೆ ಇನ್ನಷ್ಟು ಒಳ್ಳೆ ನೀರನ್ನೂ ಕೆಡಿಸುತ್ತದೆ. ಸರಾಸರಿ ಹಾಕಿ ಹೇಳುವ ಅಂಕಿಗಳಲ್ಲಿ ಊರು ಕಾಣುವುದಿಲ್ಲ. ಪ್ಯಾಂಟು ತೊಡುವುದು ದೂರದ ಇನ್ನೊಂದು ಊರಿನಲ್ಲಿ, ಬಣ್ಣದ ನೀರು ನಿಲ್ಲುವುದು ಮುಂಡ್ರಿಗಿಯಲ್ಲಿ. ಹತ್ತಿಯ ಬಗ್ಗೆ ಬರೆಯಬೇಕಾದ್ದು ಬಹಳ ಇದೆ. ಬೀಜ, ಔಷಧಿ, ಸಾಲ, ಗುಲಾಬಿ ಕಾಯಿಕೊರಕ, ಹಾಗೆ ಧಾರವಾಡ ಸೀಮೆಯ ಜಯಧರ್ ಹತ್ತಿ. ಅದು ಬೇರೆಯೇ ಬರಹ ಬೇಡುತ್ತದೆ.

ಇನ್ನು ಆ 23%. ಅದು ನಮ್ಮ ಕೈಯಲ್ಲೇ ಇರುವಂಥದ್ದು. 2014ರಲ್ಲಿ ಲೀವೈಸ್ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್ ತಾವು ತೊಟ್ಟ ಜೀನ್ಸನ್ನು ಒಂದು ವರ್ಷದಿಂದ ವಾಶಿಂಗ್ ಮೆಶೀನಿಗೆ ಹಾಕಿಲ್ಲ ಅಂದಾಗ ಎಷ್ಟೋ ಜನ ಮುಖ ಸಿಂಡರಿಸಿದರು. ನಮ್ಮ ಸೆಕೆಗೆ, ಧೂಳಿಗೆ ಅಷ್ಟು ಸಾಧ್ಯವಿಲ್ಲ, ನಿಜ. ಆದರೆ ಒಂದು ಸಲ ಆಫೀಸಿಗೆ ಹೋಗಿ ಬಂದ ಪ್ಯಾಂಟನ್ನು ಒಗೆಯೋಕೆ ಹಾಕುವ ಅಗತ್ಯವೂ ಇಲ್ಲ. ಗಾಳಿಗೆ ಹರವಿದರೆ ಸಾಕು. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ನೆರಳಲ್ಲಿ ಒಣಗಿಸಿ. ಡೆನಿಮ್‌ಗೆ ಅದಕ್ಕಿಂತ ಜಾಸ್ತಿ ಆರೈಕೆ ಬೇಕಾಗಿಲ್ಲ.

ಯೂನಿಟ್‌ಗಳಿಗೆ ಬೀಗ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ತಮಿಳುನಾಡಿನ ತಿರುಪ್ಪೂರು ಹತ್ತಿರದ ಉದಾಹರಣೆ. ಅಲ್ಲಿನದ್ದು ಬನಿಯನ್, ಟೀ ಶರ್ಟಿನ ಬಟ್ಟೆ. ಡೈಯಿಂಗ್ ಘಟಕಗಳ ಉಪ್ಪು ನೀರು, ಬಣ್ಣದ ನೀರು ವರ್ಷಗಟ್ಟಲೆ ನೊಯ್ಯಲ್ ನದಿಗೆ ಹೋಯಿತು. ಕೆಳಗೆ 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟು. ಗದ್ದೆಗೆ ನೀರು ಕೊಡೋಕೆ ಕಟ್ಟಿದ್ದು, ಕೊಳಚೆ ನಿಲ್ಲುವ ಜಾಗವಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ನೂರಾರು ಘಟಕಗಳು ಒಟ್ಟಿಗೆ ಮುಚ್ಚಿದವು. ಎಷ್ಟೋ ಕಾರ್ಮಿಕರು ಗಂಟು ಮೂಟೆ ಕಟ್ಟಿಕೊಂಡು ಊರಿಗೆ ಹೋದರು. ಆಮೇಲೆ ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಬಂತು. ನೀರನ್ನು ಆರ್‌ಒ ಮಾಡಿ ಮತ್ತೆ ಬಳಸುತ್ತಾರೆ, ಉಳಿದ ಗಟ್ಟಿ ಉಪ್ಪುನೀರನ್ನು ಕುದಿಸಿ ಆವಿ ಮಾಡುತ್ತಾರೆ. ದೊಡ್ಡ ಸಾಧನೆಯೇ. ಆದರೆ ಅದಕ್ಕೆ ಸುಡುವ ಇಂಧನ ಬಹಳ, ಖರ್ಚೂ ಬಹಳ. ಕೊನೆಗೆ ಉಳಿಯುವ ಬೆರಕೆ ಉಪ್ಪನ್ನು ಕೊಳ್ಳುವವರಿಲ್ಲ, ಶೆಡ್ಡುಗಳಲ್ಲಿ ಮೂಟೆ ಬಿದ್ದಿರುತ್ತದೆ. ಕೊಳೆ ಮಾಡಿ ಆಮೇಲೆ ತೊಳೆಯೋದು ಎಷ್ಟು ದುಬಾರಿ ಅಂತ ತಿರುಪ್ಪೂರಿನವರಿಗೆ ಗೊತ್ತು. ರಫ್ತಿನ ದುಡ್ಡಿದ್ದ ಊರು ಅದನ್ನು ತಡೆದುಕೊಂಡಿತು. ಬ್ರ್ಯಾಂಡ್ ಇಲ್ಲದ, ಸಗಟು ಅಂಗಡಿಗೆ ಕಡಿಮೆ ಲಾಭಕ್ಕೆ ಮಾರುವ ಬಳ್ಳಾರಿಯ ಸಣ್ಣ ಯೂನಿಟ್‌ಗೆ ಅಷ್ಟು ತ್ರಾಣ ಎಲ್ಲಿಂದ ಬರಬೇಕು?

ಹಾಗಾಗಿ ಕೊಳೆಯೇ ಕಡಿಮೆಯಾಗುವ ದಾರಿ ಮೊದಲು ಬೇಕು. ದಾರಿ ಇದೆ. ಇಂಗಾಲದ ಡೈ ಆಕ್ಸೈಡ್ ಲೇಸರ್ ಕಿರಣ ಬಟ್ಟೆಯ ಮೇಲಿನ ನೀಲಿಯನ್ನು ಬೇಕಾದಷ್ಟೇ ಸುಟ್ಟು ತೆಗೆಯುತ್ತದೆ. ಎಮರಿ ಪೇಪರ್ ಬೇಡ, ಪಿಪಿ ಬೇಡ. ಓಝೋನ್ ಅನಿಲ ಬಿಟ್ಟರೆ ಬ್ಲೀಚು ಇಲ್ಲದೆ ಬಣ್ಣ ಇಳಿಯುತ್ತದೆ. ಸ್ಪೇನಿನ ವೆಲೆನ್ಸಿಯಾದ ಜೀನೋಲೊಜಿಯಾ ಕಂಪನಿ ಇಂಥ ಯಂತ್ರಗಳಿಗೆ ಹೆಸರುವಾಸಿ. ಲೀವೈಸ್ 2018ರಲ್ಲಿ ಕೈಯಿಂದ ಉಜ್ಜುವ ಕೆಲಸದ ಬದಲು ಲೇಸರ್ ತರುವುದಾಗಿ ಘೋಷಿಸಿತು. ಬೆಂಗಳೂರಿನಲ್ಲಿ ಒಂದು ಲೇಸರ್ ಯಂತ್ರ ಕೆಲಸ ಮಾಡುವುದನ್ನು ನೋಡುತ್ತಾ ನಿಂತಿದ್ದೆ. ಮೇಜಿನ ಮೇಲೆ ಪ್ಯಾಂಟ್ ಹರವಿದ ಕೂಡಲೇ ಸಣ್ಣ ಹೊಗೆ, ಸುಟ್ಟ ಹತ್ತಿಯ ವಾಸನೆ, ಕೆಲವೇ ಕ್ಷಣದಲ್ಲಿ ತೊಡೆಯ ಮೇಲೆ ವಿಸ್ಕರ್ ತಯಾರು. ಒಬ್ಬ ಹುಡುಗ ಬೆವರು ಸುರಿಸಿ ಮಾಡುವ ಕೆಲಸ ಅಷ್ಟರಲ್ಲಿ ಮುಗಿಯಿತು. ಅವನ ಶ್ವಾಸಕೋಶ ಉಳಿಯಿತು, ಅವನ ಕೂಲಿ ಹೋಯಿತು. ಎರಡೂ ಸತ್ಯ. ಹೊಸ ಯಂತ್ರವನ್ನು ಹೊಗಳುವ ಕಂಪನಿಗಳು ಎರಡನೆಯ ಸತ್ಯ ಹೇಳುವುದಿಲ್ಲ. ಆ ಹುಡುಗನಿಗೇ ಯಂತ್ರ ನಡೆಸೋಕೆ ಕಲಿಸಬೇಕು ಅನ್ನೋದು ದೊಡ್ಡ ಬೇಡಿಕೆಯೇನಲ್ಲ. ಲೇಸರ್‌ನಲ್ಲಿ ಚೆಂದದ ಗುರುತು ಬರಬೇಕಾದರೆ, ಎಲ್ಲಿ ಎಷ್ಟು ಉಜ್ಜಿದರೆ ನಿಜವಾದ ಹಾಗೆ ಕಾಣುತ್ತದೆ ಅಂತ ಕೈಗೆ ಗೊತ್ತಿರುವವರೇ ಬೇಕು.

ಎಲ್ಲಕ್ಕಿಂತ ಸುಲಭದ ದಾರಿ ಇನ್ನೊಂದು, ಅದಕ್ಕೆ ಯಂತ್ರವೂ ಬೇಡ. ಮಾಸಿಸುವುದನ್ನೇ ಬಿಡೋದು. ಗಂಜಿ ತೆಗೆದು, ಒಂದೆರಡು ನೀರಲ್ಲಿ ಜಾಲಿಸಿ, ಮೃದು ಮಾಡಿ ಮಾರೋದು. ಇದನ್ನು ರಿನ್ಸ್ ವಾಶ್ ಅಂತಾರೆ. ಕಡುನೀಲಿ ಪ್ಯಾಂಟು. ಇದರಲ್ಲಿ ತೊಂದರೆ ಇಲ್ಲ ಅಂತ ಅಲ್ಲ. ಮೊದಲ ಕೆಲವು ಒಗೆತದಲ್ಲಿ ಬಣ್ಣ ಬಿಡುತ್ತದೆ. ಬಿಳಿ ಅಂಗಿಯ ಅಂಚಿಗೆ, ಸ್ಕೂಟರಿನ ತಿಳಿ ಬಣ್ಣದ ಸೀಟಿಗೆ ನೀಲಿ ಹತ್ತುತ್ತದೆ. ಮೊದಮೊದಲು ಸ್ವಲ್ಪ ಬಿಗಿ. ಅಂಗಡಿಯವರಿಗೆ ಗಿರಾಕಿಯ ದೂರು ಕೇಳೋಕೆ ಇಷ್ಟವಿಲ್ಲ. ಅದಕ್ಕೇ ಎಲ್ಲ ಮೊದಲೇ ತೊಳೆದು ಕಳಿಸಿ ಅಂತಾರೆ. ಅಂದರೆ ನಮ್ಮ ಸೀಟಿಗೆ ಹತ್ತಬಾರದ ನೀಲಿ ಬಳ್ಳಾರಿಯ ಚರಂಡಿಗೆ ಹೋಗುತ್ತದೆ. ಎರಡರಲ್ಲಿ ಯಾವುದನ್ನು ಒರೆಸೋದು ಸುಲಭ ಅಂತ ನನಗೆ ಯಾವ ಅನುಮಾನವೂ ಇಲ್ಲ.

ಡಿಸೈನ್ ಅಂದರೆ ಬಣ್ಣ ಮಾತ್ರ ಅಲ್ಲ. ಈಗ ಅಂಗಡಿಯಲ್ಲಿರುವ ಬಹುಪಾಲು ಜೀನ್ಸ್ ಹಿಗ್ಗುವಂಥದ್ದು. ಹತ್ತಿಯ ಜೊತೆ ಇಲಾಸ್ಟೇನ್ ಅನ್ನೋ ರಬ್ಬರಿನಂತೆ ಹಿಗ್ಗುವ ನಾರನ್ನು ಚೂರು ಸೇರಿಸಿರುತ್ತಾರೆ, ಕಡಿಮೆ ಬೆಲೆಯದ್ದಾದರೆ ಪಾಲಿಯೆಸ್ಟರ್ ಕೂಡ. ತೊಡೋಕೆ ಆರಾಮ, ಒಪ್ಪುತ್ತೇನೆ. ಆದರೆ ಬಿಸಿಗೆ, ಬ್ಲೀಚಿಗೆ ಇಲಾಸ್ಟೇನ್ ಬೇಗ ಸೋಲುತ್ತದೆ. ಮೊಣಕಾಲಿನಲ್ಲಿ ಜೋಲು ಬೀಳುತ್ತದೆ. ಹತ್ತಿ ಇನ್ನೂ ಗಟ್ಟಿಯಾಗಿರುವಾಗಲೇ ಪ್ಯಾಂಟು ಬಿಸಾಕುವ ಹಾಗಾಗುತ್ತದೆ. ಬಿಸಾಕಿದ ಮೇಲೂ ಕಷ್ಟ. ಪಾಣಿಪತ್ತಿನಲ್ಲಿ ಹಳೆ ಬಟ್ಟೆಯನ್ನು ಬಣ್ಣದ ಪ್ರಕಾರ ವಿಂಗಡಿಸಿ, ಚಿಂದಿ ಮಾಡಿ, ಮತ್ತೆ ಬಣ್ಣ ಹಾಕದೆ ನೂಲು ತೆಗೆಯುವ ದೊಡ್ಡ ಉದ್ಯಮ ಇದೆ. ಒಂದೇ ನಾರಿನ ಬಟ್ಟೆಯಾದರೆ ಇಂಥ ಕೆಲಸ ಹಗುರ. ಬೆರಕೆ ಜಾಸ್ತಿಯಾದಷ್ಟೂ ನೂಲಿನ ಗುಣ ಇಳಿಯುತ್ತದೆ. ಲೋಹದ ರಿವೆಟ್ಟು, ಗುಂಡಿ, ಝಿಪ್ಪು ಇದ್ದರೆ ಅವನ್ನು ಕತ್ತರಿಸಿ ತೆಗೆಯಬೇಕು, ತೆಗೆಯುವಾಗ ಸುತ್ತಲಿನ ಒಳ್ಳೆ ಬಟ್ಟೆಯೂ ಹೋಗುತ್ತದೆ.

ವಸ್ತುಗಳನ್ನು ಬಿಸಾಕದೆ ಮತ್ತೆ ಮತ್ತೆ ಬಳಸಬೇಕು ಅಂತ ಕೆಲಸ ಮಾಡುವ ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2019ರಲ್ಲಿ ಜೀನ್ಸ್ ಮಾಡುವವರಿಗೆ ಅಂತ ಕೆಲವು ನಿಯಮಗಳನ್ನು ಹೊರತಂದಿತು. ಕನಿಷ್ಠ 30 ಸಲ ಮನೆಯಲ್ಲಿ ಒಗೆದರೂ ಪ್ಯಾಂಟು ಗಟ್ಟಿಯಾಗಿರಬೇಕು. ಸ್ಟೋನ್ ವಾಶ್, ಪಿಪಿ, ಸ್ಯಾಂಡ್‌ಬ್ಲಾಸ್ಟಿಂಗ್ ಇರಬಾರದು. ರಿವೆಟ್ ಇಲ್ಲದ ಹಾಗೆ, ಇಲ್ಲವೇ ಆದಷ್ಟು ಕಡಿಮೆ ಇರುವ ಹಾಗೆ ವಿನ್ಯಾಸ ಮಾಡಬೇಕು. ಆಮೇಲೆ ಪರಿಷ್ಕರಿಸಿದಾಗ, ತೂಕದಲ್ಲಿ 98% ಹತ್ತಿಯಂಥ ಸೆಲ್ಯುಲೋಸ್ ನಾರೇ ಇರಬೇಕು ಅನ್ನೋದೂ ಸೇರಿತು. 30 ಒಗೆತ ನನಗೆ ಬಹಳ ಕಡಿಮೆ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಅಣ್ಣ ತೊಟ್ಟ ಪ್ಯಾಂಟನ್ನು ತಮ್ಮ ತೊಟ್ಟು, ಆಮೇಲೆ ಅದರಲ್ಲಿ ಸಂತೆಯ ಚೀಲ ಹೊಲಿಯೋದು ಮಾಮೂಲು. ಆದರೂ ಈ ನಿಯಮಗಳ ಸ್ವರೂಪ ನೋಡಿ. ಒಂದೊಂದೂ ಕಾಗದದ ಮೇಲೆ ತೀರ್ಮಾನ ಆಗುವಂಥದ್ದು. ಬಟ್ಟೆ ಕತ್ತರಿಸುವ ಮೊದಲೇ. ಇವನ್ನು ಪಾಲಿಸೋಕೆ ಬಳ್ಳಾರಿಯ ಮಾಲೀಕರಿಗೆ ಅಧಿಕಾರವೇ ಇಲ್ಲ. ಇರೋದು ಟೆಕ್ ಪ್ಯಾಕ್ ಬರೆಯುವವರಿಗೆ, ಆರ್ಡರ್ ಕೊಡುವ ಸಗಟು ವ್ಯಾಪಾರಿಗೆ.

ಸ್ಯಾಂಪ್ಲಿಂಗ್‌ನಲ್ಲಿ ನಾನು ಹೊಸದಾಗಿ ಬಂದ ಡಿಸೈನ್ ಹುಡುಗ ಹುಡುಗಿಯರಿಗೆ ಹೇಳುತ್ತಿದ್ದದ್ದು ಒಂದೇ. ವಾಶ್ ಪುಟ ಬರೆಯುವ ಮೊದಲು ಒಂದು ದಿನ ವಾಶಿಂಗ್ ಯೂನಿಟ್‌ನಲ್ಲಿ ನಿಂತು ಬನ್ನಿ. ಎಸಿ ರೂಮಿನಲ್ಲಿ ಶೇಡ್ ಬ್ಯಾಂಡ್ (ಬಣ್ಣದ ಏರಿಳಿತ ತೋರಿಸುವ ಮಾದರಿಗಳು) ನೋಡಿ ಇನ್ನು ಅರ್ಧ ಟೋನ್ ಲೈಟ್ ಮಾಡಿ ಅನ್ನುವವರಿಗೆ, ಆ ಅರ್ಧ ಟೋನ್ ಅಂದರೆ ಡ್ರಮ್ಮಿಗೆ ಇನ್ನೊಂದು ಸಲ ಬ್ಲೀಚು, ಇನ್ನೆರಡು ಸಲ ನೀರು ಅಂತ ಗೊತ್ತಾಗಬೇಕು. ಹೋಗಿ ಬಂದವರು ಬೇರೆ ಥರ ಬರೆಯುತ್ತಿದ್ದರು. ಒಬ್ಬ ಹುಡುಗಿ ಬಂದು, ಬೈಯರ್ ಕೇಳಿದ ವಾಶ್ ಜೊತೆಗೆ ತಾನೇ ಒಂದು ಕಡುನೀಲಿ ಸ್ಯಾಂಪಲ್ಲನ್ನೂ ಕಳಿಸಿದಳು, ಪಕ್ಕದಲ್ಲಿ ಎರಡಕ್ಕೂ ಎಷ್ಟೆಷ್ಟು ಹಂತ ಅಂತ ಬರೆದು. ಬೈಯರ್ ಎರಡೂ ತೆಗೆದುಕೊಂಡರು, ಅರ್ಧ ಆರ್ಡರ್ ಕಡುನೀಲಿಗೆ ಹೋಯಿತು. ಕೇಳಿದರೆ ಸಿಗುತ್ತದೆ ಅಂತ ಆಮೇಲೆ ಇಡೀ ವಿಭಾಗಕ್ಕೆ ಧೈರ್ಯ ಬಂತು.

ಬಳ್ಳಾರಿಗೆ ಜೀನ್ಸ್ ಪಾರ್ಕ್ ಬರುತ್ತದೆ ಅನ್ನೋ ಮಾತು ಇದೆ. 2023ರ ವಿಧಾನಸಭಾ ಚುನಾವಣೆ ಪ್ರಚಾರದಲ್ಲಿ ರಾಹುಲ್ ಗಾಂಧಿ ಅಲ್ಲಿ 5,000 ಕೋಟಿ ರೂಪಾಯಿಯ ಪಾರ್ಕಿನ ಭರವಸೆ ಕೊಟ್ಟಿದ್ದರು. ಅದು ಬರಲಿ ಅಂತ ನಾನೂ ಬಯಸುತ್ತೇನೆ. ಆದರೆ ಹೊಲಿಗೆ ಶೆಡ್ಡುಗಳನ್ನು ಕಟ್ಟಿ ನೀರಿನ ವಿಷಯ ಆಮೇಲೆ ನೋಡೋಣ ಅಂದರೆ ಇನ್ನೊಂದು ನೊಯ್ಯಲ್ ತಯಾರಾಗುತ್ತದೆ. ಎಲ್ಲ ವಾಶಿಂಗ್ ಯೂನಿಟ್‌ಗಳೂ ಸೇರಿ ಬಳಸುವ ಒಂದು ನೀರು ಶುದ್ಧೀಕರಣ ಘಟಕ ಮೊದಲು ಆಗಬೇಕು, ಮತ್ತು ಅದು ಉದ್ಘಾಟನೆಯ ಮರುದಿನವೂ ನಡೆಯಬೇಕು. ಒಬ್ಬೊಬ್ಬರಿಗೆ ಕೊಳ್ಳೋಕೆ ಆಗದ ಲೇಸರ್, ಓಝೋನ್ ಯಂತ್ರಗಳನ್ನು ಬಾಡಿಗೆಗೆ ಬಳಸುವ ಹಾಗೆ ಒಂದು ಕಡೆ ಇಡಬೇಕು. ಈಗ ಉಜ್ಜುವ, ಸ್ಪ್ರೇ ಹೊಡೆಯುವ ಹುಡುಗರಿಗೇ ಅಲ್ಲಿ ತರಬೇತಿ ಸಿಗಬೇಕು. ಮನೆ ಬಾಗಿಲಲ್ಲಿ ದಾರ ಕತ್ತರಿಸುವ ಹೆಂಗಸರು ಪಾರ್ಕಿನ ಲೆಕ್ಕದಲ್ಲಿ ಕಾರ್ಮಿಕರು ಅಂತ ಸೇರಬೇಕು, ಅವರ ಪೀಸ್ ರೇಟ್ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಬರೆದಿರಬೇಕು.

ಅದರ ಜೊತೆಗೆ ಅಲ್ಲೊಂದು ಸಣ್ಣ ಡಿಸೈನ್ ಕೇಂದ್ರವೂ ಇರಬೇಕು ಅನ್ನೋದು ನನ್ನ ಆಸೆ. ಬಳ್ಳಾರಿಯವರು ಇಷ್ಟು ವರ್ಷ ಬೇರೆಯವರ ಫೋಟೊ ನೋಡಿ ವಾಶ್ ಮಾಡಿದ್ದಾರೆ. ಅವರಷ್ಟು ಡೆನಿಮ್ ಮುಟ್ಟಿದ ಕೈಗಳು ಈ ರಾಜ್ಯದಲ್ಲಿ ಇನ್ನೆಲ್ಲೂ ಇಲ್ಲ. ಕಡುನೀಲಿಯಲ್ಲೇ, ಒಳ್ಳೆ ಗಟ್ಟಿ ಬಟ್ಟೆಯಲ್ಲಿ, ನಮ್ಮ ಸೆಕೆಗೆ ಹೊಂದುವ ತೂಕದಲ್ಲಿ, ನಮ್ಮ ಮೈಕಟ್ಟಿಗೆ ಒಪ್ಪುವ ಕಟ್‌ನಲ್ಲಿ, ಹರಿದರೆ ತೇಪೆ ಹಾಕಿ ಕೊಡುತ್ತೇವೆ ಅನ್ನೋ ಮಾತಿನ ಜೊತೆ ಬಳ್ಳಾರಿ ಹೆಸರಲ್ಲೇ ಒಂದು ಪ್ಯಾಂಟು ಬಂದರೆ ನಾನು ಕೊಳ್ಳುತ್ತೇನೆ. ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ. ಬೆಂಗಳೂರಿನ ಡಿಸೈನ್ ಕಾಲೇಜುಗಳಲ್ಲಿ ಓದುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೌಲ್ ಬಜಾರಿಗೆ ಹೋಗಿ. ಹೊಲಿಯುವವರ ಜೊತೆ, ತೊಳೆಯುವವರ ಜೊತೆ ಕೂತು ಮಾತಾಡಿ. ವಾಶ್ ಪುಟವನ್ನು ಅವರ ಎದುರಿಗೇ ಬರೆಯಿರಿ.